ಹುಲ್ಲಿನ ಲೆಕ್ಕ: ಲಡಾಖಿನ ಶೀತ ಮರುಭೂಮಿ ದಾಟಿದವರ ಸಿದ್ಧತೆಯ ಕಥೆ

ಲಡಾಖಿನ ಲೇಹ್ ಪೇಟೆಯಿಂದ ಮಧ್ಯ ಏಷ್ಯಾದ ಯಾರ್ಕಂದಿಗೆ ಸುಮಾರು 480 ಮೈಲಿ. ಹೇರುಕುದುರೆಗಳ ಸಾರ್ಥಕ್ಕೆ ಇದು ಒಂದು ತಿಂಗಳಿಗೆ ಕಡಿಮೆಯಿಲ್ಲದ ದಾರಿ. ಹಿಮ ಅಡ್ಡ ಬಂದರೆ ಇನ್ನೂ ಹೆಚ್ಚು ದಿನ ಹಿಡಿಯುತ್ತಿತ್ತು. ಲೇಹ್ ಇರುವುದೇ 3,500 ಮೀಟರ್ ಎತ್ತರದಲ್ಲಿ. ಅಲ್ಲಿಂದ ಖರ್ದುಂಗ್ ಲಾ ಘಾಟಿ ಹತ್ತಿ ಇಳಿದರೆ ನುಬ್ರಾ ಕಣಿವೆ. ನುಬ್ರಾದಾಚೆ 5,411 ಮೀಟರ್ ಎತ್ತರದ ಸಾಸೆರ್ ಲಾ, ಅದರ ಮೈಮೇಲೆ ಹಿಮನದಿ. ಅದನ್ನು ದಾಟಿದರೆ ದೆಪ್ಸಾಂಗ್ ಎಂಬ ಬಟಾಬಯಲು, 5,540 ಮೀಟರಿನ ಕಾರಾಕೋರಂ ಘಾಟಿ, ಮುಂದೆ ಸುಗೆಟ್ ಮತ್ತು ಸಂಜು ಎಂಬ ಇನ್ನೆರಡು ಘಾಟಿಗಳು, ಕೊನೆಗೆ ಯಾರ್ಕಂದಿನ ತೋಟಗಳು. ಹಿಮಾಲಯದ ಬೆನ್ನ ಹಿಂದಿರುವ ಈ ನಾಡಿಗೆ ಮುಂಗಾರು ತಲುಪುವುದಿಲ್ಲ. ಲೇಹ್‌ನಲ್ಲಿ ವರ್ಷವಿಡೀ ಬೀಳುವ ಮಳೆ, ಹಿಮ ಎಲ್ಲ ಸೇರಿದರೂ 100 ಮಿಲಿಮೀಟರಿನ ಆಸುಪಾಸು. ನಮ್ಮ ಆಗುಂಬೆಯಲ್ಲಿ ಆಷಾಢದ ಒಂದೇ ದಿನ ಅಷ್ಟು ಸುರಿಯುವುದುಂಟು. ಇಂಥ ದಾರಿಯಲ್ಲಿ ಶತಮಾನಗಳ ಕಾಲ ಹತ್ತಿಬಟ್ಟೆ, ನೀಲಿ, ಸಾಂಬಾರ ಪದಾರ್ಥ, ಹವಳ ಉತ್ತರಕ್ಕೆ ಹೋದವು. ರೇಷ್ಮೆ, ರತ್ನಗಂಬಳಿ, ಬೆಳ್ಳಿ, ಚರಸ್ ದಕ್ಷಿಣಕ್ಕೆ ಬಂದವು. ಈ ಚರಿತ್ರೆಯನ್ನು ಬರೆಯುವವರು ಹೆಚ್ಚಾಗಿ ಸಾಹಸಿಗಳ ಎದೆಗಾರಿಕೆ, ಘಾಟಿಗಳ ಎತ್ತರ, ಚಳಿಯ ಉಗ್ರತೆ ಇವುಗಳ ಸುತ್ತಲೇ ಬರೆಯುತ್ತಾರೆ. ಹಳೆಯ ದಾಖಲೆಗಳನ್ನು ಗಮನವಿಟ್ಟು ಓದಿದರೆ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ಈ ಮರುಭೂಮಿಯ ಪ್ರಯಾಣಕ್ಕೆ ಸಿದ್ಧತೆ ಎಂದರೆ ಮೊದಲಿಗೆ ಮೇವಿನ ಸಿದ್ಧತೆ. ಆ ಮೇವನ್ನು ಬೆಳೆಯುತ್ತಿದ್ದ ಕೆಲವೇ ಹಳ್ಳಿಗಳು ಎಷ್ಟು ಕೊಡಬಲ್ಲವೋ ಅಷ್ಟೇ ಆ ದಾರಿಯ ಕಸುವು. ಇದನ್ನು ಲೆಕ್ಕಕ್ಕೆ ಹಿಡಿದವರು ಹೋಗಿ ಬಂದರು. ಹಿಡಿಯದವರು ತಾವು ನೊಂದರು, ಇಲ್ಲವೇ ಆ ಹಳ್ಳಿಗಳನ್ನು ನೋಯಿಸಿದರು.

ಲೆಕ್ಕ ಸರಳವಾದದ್ದು, ಆದರೆ ನಿಷ್ಠುರವಾದದ್ದು. ಬೆಟ್ಟದ ಹೇರುಕುದುರೆ ಎರಡು ಮಗ್ಗುಲಿಗೂ ಮೂಟೆ ಕಟ್ಟಿಸಿಕೊಂಡು ಸುಮಾರು ಒಂದು ಕ್ವಿಂಟಲ್ ಹೊರುತ್ತದೆ ಎನ್ನೋಣ. ಹುಲ್ಲೇ ಸಿಗದ ಕಡೆ ಅದು ಬದುಕಿರಬೇಕಾದರೆ ದಿನಕ್ಕೆ ಮೂರು ನಾಲ್ಕು ಕಿಲೋ ಕಾಳಾದರೂ ಬೇಕು. ನುಬ್ರಾದ ಕೊನೆಯ ಹೊಲಗಳನ್ನು ಬಿಟ್ಟ ಮೇಲೆ ಕಾರಾಕೋರಂ ಆಚೆಯ ಶಾಹಿದುಲ್ಲಾದ ಹುಲ್ಲುಗಾವಲು ಸಿಗುವವರೆಗೆ ಸಾರ್ಥಕ್ಕೆ ಹತ್ತಿರಹತ್ತಿರ ಎರಡು ವಾರದ ನಡಿಗೆ, ನಡುವೆ ಮುರ್ಗೋದಂಥ ಒಂದೆರಡು ತಾಣಗಳಲ್ಲಿ ಮಾತ್ರ ಚೂರು ಹಸಿರು. ಅಂದರೆ ಕುದುರೆ ತನ್ನ ಹೊಟ್ಟೆಗೆ ಬೇಕಾದ್ದನ್ನು ತಾನೇ ಹೊತ್ತರೆ ಅರ್ಧ ಹೇರು ಅದಕ್ಕೇ ಸರಿಹೋಯಿತು. ವ್ಯಾಪಾರದ ಸರಕನ್ನೇ ಪೂರ್ತಿ ಹೊರಿಸಬೇಕೆಂದರೆ ಮೇವು ಹೊರಲು ಬೇರೆ ಕುದುರೆಗಳು ಬೇಕು. ಆ ಕುದುರೆಗಳಿಗೂ ಮೇವು ಬೇಕು. ದಾರಿ ಉದ್ದವಾದಷ್ಟೂ ಈ ಸರಪಳಿ ಬೆಳೆಯುತ್ತದೆ, ಒಂದು ಹಂತದಲ್ಲಿ ಸಾಗಿಸುವ ಖರ್ಚು ಸರಕಿನ ಬೆಲೆಯನ್ನೇ ಮೀರುತ್ತದೆ. ಈ ದಾರಿಯಲ್ಲಿ ಹಗುರವಾದ, ಬೆಲೆಬಾಳುವ ಪದಾರ್ಥಗಳೇ ಹೆಚ್ಚಾಗಿ ಸಾಗಿದ್ದಕ್ಕೆ ಕಾರಣ ಇದು. ಮರದ ಮಾತಂತೂ ಬಿಡಿ, ಆ ಬಯಲಿನಲ್ಲಿ ಒಲೆಗೆ ಸಿಗುತ್ತಿದ್ದದ್ದು ಬುರ್ತ್ಸೆ ಎಂಬ ಗಿಡ್ಡ ಪೊದೆಯ ಬೇರು ಮತ್ತು ಪ್ರಾಣಿಗಳ ಒಣಸಗಣಿ. ಬೀಡುಬಿಟ್ಟ ಕೂಡಲೇ ಆಳುಗಳು ಮೊದಲು ಮಾಡುತ್ತಿದ್ದ ಕೆಲಸ ಈ ಬೇರು ಕೀಳುವುದು. ದಾರಿ ತಪ್ಪಿದವರಿಗೆ ಗುರುತಾಗಿ ನಿಂತದ್ದು ಸತ್ತ ಕುದುರೆಗಳ ಎಲುಬು. ಕಾರಾಕೋರಂ ದಾಟಿದ ಬಹುತೇಕ ಎಲ್ಲ ಪ್ರಯಾಣಿಕರೂ ಈ ಎಲುಬಿನ ಸಾಲನ್ನು ನಮೂದಿಸಿದ್ದಾರೆ. ಮೇವಿನ ಲೆಕ್ಕ ತಪ್ಪಿದ ಪ್ರತಿಯೊಂದು ಸಾರ್ಥವೂ ಅಲ್ಲಿ ತನ್ನ ಪಾಲನ್ನು ಬಿಟ್ಟು ಹೋಗಿದೆ.

ಈ ಲೆಕ್ಕದ ಮಹತ್ವವನ್ನು ಹೊರಗಿನವರ ಪೈಕಿ ಬೇಗ ಕಂಡುಕೊಂಡವನು ವಿಲಿಯಂ ಮೂರ್‌ಕ್ರಾಫ್ಟ್. ಅವನು ಓದಿದ್ದು ಪಶುವೈದ್ಯಕೀಯ. ಬಿಹಾರದ ಪೂಸಾದಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಕುದುರೆ ಲಾಯದ ಮೇಲ್ವಿಚಾರಕ. ಬುಖಾರಾದ ಕುದುರೆಗಳನ್ನು ತರಬೇಕೆಂಬ ಹಂಬಲದಿಂದ ಹೊರಟವನು 1820ರಲ್ಲಿ ಲೇಹ್ ಮುಟ್ಟಿದ. ಅದಕ್ಕೂ ಮೊದಲು, 1812ರಲ್ಲಿ, ಮೀರ್ ಇಜ್ಜತುಲ್ಲಾ ಎಂಬ ತಿಳಿವಳಿಕಸ್ಥನನ್ನು ಇದೇ ದಾರಿಯಲ್ಲಿ ಯಾರ್ಕಂದ್ ಮೂಲಕ ಬುಖಾರಾಕ್ಕೆ ಕಳಿಸಿ, ಹಂತಹಂತದ ವಿವರ ಬರೆಸಿಕೊಂಡಿದ್ದ. ಯಾರ್ಕಂದಿಗೆ ಹೋಗಲು ಚೀನೀ ಅಧಿಕಾರಿಗಳ ಅಪ್ಪಣೆಗಾಗಿ ಮೂರ್‌ಕ್ರಾಫ್ಟ್ ಸುಮಾರು ಎರಡು ವರ್ಷ ಲಡಾಖಿನಲ್ಲಿ ಕಾದ. ಅಪ್ಪಣೆ ಸಿಗಲೇ ಇಲ್ಲ. ಆದರೆ ಆ ಕಾಯುವಿಕೆಯ ಕಾಲದಲ್ಲಿ ಅವನು ಬರೆದಿಟ್ಟ ಟಿಪ್ಪಣಿಗಳಲ್ಲಿ ಅರಮನೆ, ಗೊಂಪಾ ಎಂಬ ಬೌದ್ಧ ಮಠಗಳಷ್ಟೇ ಆಸ್ಥೆಯಿಂದ ಮೇವಿನ ಗಿಡಗಳ ವಿಚಾರವೂ ಇದೆ. ದ್ರಾಸ್ ಕಡೆ ಬೆಟ್ಟದ ಇಳಿಜಾರಿನಲ್ಲಿ ತಾನಾಗಿ ಬೆಳೆಯುವ ಪ್ರಾಂಗೋಸ್ ಎಂಬ ಗಿಡವನ್ನು ಚಳಿಗಾಲಕ್ಕೆ ಒಣಗಿಸಿ ಇಡುವುದನ್ನು ನೋಡಿ, ಇದು ಇಂಗ್ಲೆಂಡಿನ ಬರಡು ನೆಲಕ್ಕೂ ಆದೀತೆಂದು ಅದರ ಬೀಜ ಕಳಿಸಿದ. ಇಂದಿಗೂ ಲಡಾಖಿನ ಯಾವುದೇ ಹಳೆಯ ಮನೆಯ ಮಾಳಿಗೆ ನೋಡಿ: ಅಂಚಿನುದ್ದಕ್ಕೂ ಒಣಹುಲ್ಲು, ನಮ್ಮ ಬಯಲುಸೀಮೆಯ ರೈತರು ಕುದುರೆಮಸಾಲೆ ಎಂದು ಕರೆಯುವ ಅದೇ ಸೊಪ್ಪಿನ ಕಟ್ಟುಗಳು ಒತ್ತಾಗಿ ಪೇರಿಸಿರುತ್ತವೆ. ಬಜಾರಿನಲ್ಲಿ ಹಣ ಎಣಿಸುವ ವ್ಯಾಪಾರಿಗಿಂತ ಈ ಮಾಳಿಗೆಯ ಮೇಲಿನ ಕಟ್ಟುಗಳನ್ನು ಎಣಿಸಬಲ್ಲವನೇ ಆ ದಾರಿಯ ಮರ್ಮ ಬಲ್ಲವನು. ಮೂರ್‌ಕ್ರಾಫ್ಟನಿಗೆ ಅದು ತಿಳಿದದ್ದು ಅವನು ಸೈನಿಕನಾಗಿರದೆ ಪ್ರಾಣಿಗಳ ವೈದ್ಯನಾಗಿದ್ದದ್ದರಿಂದ ಎಂದೇ ನನ್ನ ಎಣಿಕೆ.

ಲೇಹ್ ಒಂದು ದೊಡ್ಡ ಪೇಟೆಯಾದದ್ದೂ ಇದರಿಂದಲೇ. ಹೊಶಿಯಾರ್‌ಪುರದ ಲಾಲಾಗಳು ಕುಲು ದಾಟಿ, ಬಾರಾಲಾಚಾ ಘಾಟಿ ಹತ್ತಿ ಇಲ್ಲಿಗೆ ಬರುವ ಹೊತ್ತಿಗೆ ಅವರ ಹೇರುಗಳ ಪ್ರಾಣಿಗಳು ಸೋತಿರುತ್ತಿದ್ದವು. ಯಾರ್ಕಂದಿನಿಂದ ಬಂದ ಕುದುರೆಗಳ ಗತಿ ಇನ್ನೂ ಕಷ್ಟ. ಬೆನ್ನು ಹುಣ್ಣಾಗಿ, ಪಕ್ಕೆಲುಬು ಎದ್ದು, ವಾರಗಟ್ಟಲೆ ಸೊಪ್ಪು ತಿಂದು ಸುಧಾರಿಸಿಕೊಳ್ಳದೆ ಹೆಜ್ಜೆ ಇಡುವಂತಿರಲಿಲ್ಲ. ಎರಡೂ ಕಡೆಯವರು ನಡುವಿನ ಒಂದು ಊರಿನಲ್ಲಿ ನಿಂತು, ಸರಕು ಬದಲಾಯಿಸಿಕೊಂಡು ಹಿಂದಿರುಗುವುದು ವ್ಯಾಪಾರದ ಜಾಣತನ ಮಾತ್ರವಾಗಿರಲಿಲ್ಲ, ಪ್ರಾಣಿಗಳ ಮಿತಿ ಅವರನ್ನು ಅಲ್ಲೇ ನಿಲ್ಲಿಸುತ್ತಿತ್ತು. ಮುಂದಿನ ದಾರಿಗೆ ಕಿರಾಯಕಶ್ ಎಂಬ ಬಾಡಿಗೆ ಸಾಗಾಟದವರು ಇದ್ದರು. ದ್ರಾಸ್, ಕಾರ್ಗಿಲ್ ಕಡೆಯವರು, ಲೇಹ್‌ನ ಅರ್ಗೋನರು. ಯಾರ್ಕಂದಿ, ಕಾಶ್ಮೀರಿ ವ್ಯಾಪಾರಿಗಳಿಗೂ ಲಡಾಖಿ ಹೆಂಗಸರಿಗೂ ಹುಟ್ಟಿದ ಸಂತತಿ ಈ ಅರ್ಗೋನರದು. ಎರಡೂ ಕಡೆಯ ಮಾತು ಬಲ್ಲವರು, ಕುದುರೆಯ ಗೊರಸು ನೋಡಿಯೇ ಅದು ಸಾಸೆರ್ ದಾಟೀತೇ ಇಲ್ಲವೇ ಎಂದು ಹೇಳಬಲ್ಲವರು. ಅವರ ಪದ್ಧತಿ ಹೀಗಿತ್ತು: ಖರ್ದುಂಗ್ ಲಾ ಹತ್ತುವಾಗ ಕುದುರೆಯ ಹೇರು ಇಳಿಸಿ, ಹಳ್ಳಿಯವರಿಂದ ಬಾಡಿಗೆಗೆ ಪಡೆದ ಯಾಕ್‌ಗಳ ಮೇಲೆ ಹೇರುವುದು, ಕುದುರೆಗಳನ್ನು ಬರಿಬೆನ್ನಲ್ಲಿ ದಾಟಿಸುವುದು, ನುಬ್ರಾದ ಪನಾಮಿಕ್ ಸುತ್ತಿನ ಹಳ್ಳಿಗಳಲ್ಲಿ ದಿನಗಟ್ಟಲೆ ತಂಗಿ ಕುದುರೆಗಳಿಗೆ ಹೊಟ್ಟೆತುಂಬ ಮೇಯಿಸುವುದು, ಮುಂದಿನ ಎರಡು ವಾರಕ್ಕೆ ಬಾರ್ಲಿ ಕೊಳ್ಳುವುದು, ಸಾಸೆರಿನ ಹಿಮನದಿಗೆ ಮತ್ತೆ ಯಾಕ್‌ಗಳನ್ನು ಹಿಡಿಯುವುದು. ಯಾಕ್‌ನ ಗೊರಸು ಮಂಜುಗಡ್ಡೆಯ ಮೇಲೆ ಜಾರದು, ಕುದುರೆಯದು ಜಾರುತ್ತದೆ, ಕೊಯ್ದುಕೊಳ್ಳುತ್ತದೆ. ಪಂಜಾಬಿನಿಂದ ಬಂದ ವ್ಯಾಪಾರಿಯ ಕಣ್ಣಿಗೆ ಪನಾಮಿಕ್‌ನ ತಂಗುವಿಕೆ ವ್ಯರ್ಥ ಕಾಲಹರಣವಾಗಿ ಕಂಡಿರಬಹುದು. ಕಿರಾಯಕಶ್‌ಗೆ ಅದೇ ಪ್ರಯಾಣದ ಬಹುಮುಖ್ಯ ಭಾಗ.

ಮೇವು ಕೊಡುತ್ತಿದ್ದವರ ಕಡೆಯಿಂದ ನೋಡಿದರೆ ಇದೇ ಚಿತ್ರ ಬೇರೆಯಾಗಿ ಕಾಣುತ್ತದೆ. ಲಡಾಖಿನ ಹಳ್ಳಿಯೆಂದರೆ ಹಿಮ ಕರಗಿದ ನೀರನ್ನು ಕಾಲುವೆಯಲ್ಲಿ ತಿರುಗಿಸಿಕೊಂಡಷ್ಟೇ ಹಸಿರು. ಕಾಲುವೆಯ ಅಂಚು ಮುಗಿದಲ್ಲಿ ಬೆಳೆ ಮುಗಿಯುತ್ತದೆ. ವರ್ಷಕ್ಕೆ ಒಂದೇ ಬೆಳೆ; ಅದರಲ್ಲಿ ಮನೆಯವರ ಹುರಿಹಿಟ್ಟು, ಜಾನುವಾರುಗಳ ಚಳಿಗಾಲದ ಮೇವು, ಗೊಂಪಾದ ಪಾಲು, ಅರಸನ ಕಂದಾಯ ಎಲ್ಲ ಆಗಬೇಕು. ಮಿಕ್ಕಿದ್ದು ಸಾರ್ಥಕ್ಕೆ. ಈ ಮಿಕ್ಕಿದ್ದರ ಮೇಲೆ ಆಳುವವರ ಹಕ್ಕನ್ನು ಹೇರಿದ ಏರ್ಪಾಡಿಗೆ ರೆಸ್ ಎಂದು ಹೆಸರು: ದಾರಿಯ ಹಳ್ಳಿಯವರು ಸರದಿಯಂತೆ ಕುದುರೆ, ಯಾಕ್, ಆಳು ಒದಗಿಸಬೇಕು. 1684ರ ತಿಂಗ್‌ಮೋಸ್‌ಗಾಂಗ್ ಒಪ್ಪಂದದ ನಂತರ ಮೂರು ವರ್ಷಕ್ಕೊಮ್ಮೆ ಲೇಹ್‌ನಿಂದ ಲಾಸಾಕ್ಕೆ ಲೋಪ್ಚಾಕ್ ಎಂಬ ಕಾಣಿಕೆಯ ನಿಯೋಗ ಹೋಗುತ್ತಿತ್ತು, ಲಾಸಾದಿಂದ ಚಹಾ ಹೊತ್ತು ಚಪ್ಬಾ ಎಂಬ ಸಾರ್ಥ ಬರುತ್ತಿತ್ತು. ಕಾಣಿಕೆಯ ಜೊತೆಗೆ ನಿಯೋಗದ ಮುಖಂಡನ ಖಾಸಗಿ ಸರಕೂ ಪುಕ್ಕಟೆಯಾಗಿ ಸಾಗುತ್ತಿದ್ದರಿಂದ ಆ ಪದವಿಗೆ ಬಹಳ ಬೆಲೆ. ಬೌದ್ಧ ಅರಸನ ಹೆಸರಿನ ಈ ಧಾರ್ಮಿಕ ನಿಯೋಗವನ್ನು ನಂತರದ ಕಾಲದಲ್ಲಿ ಲೇಹ್‌ನ ಮುಸ್ಲಿಂ ವ್ಯಾಪಾರಿ ಮನೆತನವೇ ನಡೆಸಿತು ಎಂಬುದು ಆ ನಾಡಿನ ಸೌಹಾರ್ದಕ್ಕೆ ಒಳ್ಳೆಯ ಸಾಕ್ಷಿ. 1942ರ ಕೊನೆಯ ಲೋಪ್ಚಾಕ್ ಜೊತೆಗೆ ಹೋದ ಅಬ್ದುಲ್ ವಾಹಿದ್ ರಾಧು ಅದರ ವಿವರ ಬರೆದಿದ್ದಾರೆ. ಸೌಹಾರ್ದ ನಿಜ, ಆದರೆ ಪೂರ್ವದ ಎತ್ತರದ ಬಯಲಾದ ಚಾಂಗ್‌ಥಾಂಗಿನ ಬಡ ಕುರಿಗಾಹಿಗೆ ಲೋಪ್ಚಾಕ್ ಬಂತೆಂದರೆ ತನ್ನ ಯಾಕ್ ಬಿಟ್ಟಿ ಚಾಕರಿಗೆ ಹೊರಟಿತೆಂದೇ ಅರ್ಥ. ನಮ್ಮ ಕಡೆಯ ಬಿಟ್ಟಿ ದುಡಿಮೆಯ ಚರಿತ್ರೆ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ಲೆಕ್ಕವನ್ನು ಧಿಕ್ಕರಿಸಿದರೆ ಏನಾಗುತ್ತದೆ ಎಂಬುದಕ್ಕೆ ಜೋರಾವರ್ ಸಿಂಗನ ದಂಡಯಾತ್ರೆಗಿಂತ ದಾರುಣ ಉದಾಹರಣೆ ಬೇಕಿಲ್ಲ. ಜಮ್ಮುವಿನ ಗುಲಾಬ್ ಸಿಂಗನ ಈ ದಂಡನಾಯಕ 1834ರಲ್ಲಿ ಲಡಾಖಿಗೆ ನುಗ್ಗಿ ಗೆದ್ದವನು. ಅವನ ಪರಾಕ್ರಮದ ಬಗ್ಗೆ ಎರಡು ಮಾತಿಲ್ಲ. 1841ರ ಬೇಸಿಗೆಯಲ್ಲಿ ಪಶ್ಚಿಮ ಟಿಬೆಟಿನ ಮೇಲೆ ಏರಿಹೋಗಿ, ಮಾನಸ ಸರೋವರದ ಸೀಮೆಯನ್ನೂ ದಾಟಿ, ತಕ್ಲಾಕೋಟೆಯವರೆಗೆ ಹಿಡಿದ. ಬೇಸಿಗೆಯಲ್ಲಿ ಅಲ್ಲಿನ ಹುಲ್ಲುಗಾವಲು ಸೈನ್ಯದ ಪ್ರಾಣಿಗಳನ್ನು ಸಾಕಿತು. ಚಳಿಗಾಲ ಬಂದು ಘಾಟಿಗಳು ಮುಚ್ಚಿ, ಟಿಬೆಟಿನ ಪಡೆ ಹಿಂದಿನ ದಾರಿಯನ್ನು ಕತ್ತರಿಸಿದಾಗ ಸೈನ್ಯಕ್ಕೆ ಕಾಳಿಲ್ಲ, ಉರುವಲಿಲ್ಲ. ಕೈ ಬೆಚ್ಚಗೆ ಮಾಡಿಕೊಳ್ಳಲು ಸಿಪಾಯಿಗಳು ತಮ್ಮ ಬಂದೂಕಿನ ಮರದ ಹಿಡಿಗಳನ್ನೇ ಸುಟ್ಟರೆಂದು ಅಲೆಕ್ಸಾಂಡರ್ ಕನಿಂಗ್‌ಹ್ಯಾಂ ತನ್ನ ಲಡಾಖ್ ಕುರಿತ ಪುಸ್ತಕದಲ್ಲಿ ದಾಖಲಿಸಿದ್ದಾನೆ. ಬೆರಳುಗಳು ಹಿಮಗಡಿತದಿಂದ ಉದುರಿಹೋದ ಸೈನಿಕ ಗುಂಡು ತುಂಬುವುದಾದರೂ ಹೇಗೆ? ಡಿಸೆಂಬರಿನ ಕಾಳಗದಲ್ಲಿ ಜೋರಾವರ್ ಸಿಂಗ್ ಸತ್ತ, ಸೈನ್ಯದ ಬಹುಪಾಲು ಅಲ್ಲೇ ನಾಶವಾಯಿತು. ಸೋಲಿಗೆ ಚಳಿ ಕಾರಣ ಎಂದು ಬರೆಯುವುದು ವಾಡಿಕೆ. ಎದುರಿಗಿದ್ದ ಟಿಬೆಟಿನವರಿಗೂ ಅದೇ ಚಳಿ ಇತ್ತು. ಅವರ ಬೆನ್ನಿಗೆ ಕಾಳು, ಉರುವಲು, ಯಾಕ್ ಒದಗಿಸುವ ಹಳ್ಳಿಗಳಿದ್ದವು. ಜೋರಾವರನ ಬೆನ್ನಿಗೆ ಹಿಮ ತುಂಬಿದ ಘಾಟಿಗಳಿದ್ದವು. ವ್ಯತ್ಯಾಸ ಇಷ್ಟೇ.

ಮೂರು ದಶಕಗಳ ನಂತರ ಒಂದೇ ವರ್ಷದ ಅಂತರದಲ್ಲಿ ಲೇಹ್‌ನಿಂದ ಹೊರಟ ಎರಡು ಪಯಣಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಮೊದಲನೆಯದು 1873ರಲ್ಲಿ ಡಗ್ಲಸ್ ಫೋರ್ಸಿತ್ ಯಾರ್ಕಂದಿಗೆ ಒಯ್ದ ಬ್ರಿಟಿಷ್ ನಿಯೋಗ. ಸುಮಾರು 350 ಜನ, 550 ಪ್ರಾಣಿಗಳು. ಅವರನ್ನು ದಾಟಿಸಲು ಕಾಶ್ಮೀರದ ಮಹಾರಾಜನ ಆಡಳಿತ ಸಾವಿರಾರು ಹೊರೆಯಾಳುಗಳನ್ನೂ ನೂರಾರು ಕುದುರೆ, ಯಾಕ್‌ಗಳನ್ನೂ ಕಲೆಹಾಕಬೇಕಾಯಿತು. ನಿಯೋಗ ಕ್ಷೇಮವಾಗಿ ಮುಟ್ಟಿತು, ಕಾಶ್ಗರದ ಯಾಕೂಬ್ ಬೇಗನೊಡನೆ ಒಪ್ಪಂದ ಮಾಡಿಕೊಂಡಿತು, ವಿಜ್ಞಾನದ ದೊಡ್ಡ ದೊಡ್ಡ ವರದಿಗಳನ್ನು ಹೊರತಂದಿತು. ಅದರ ಹೇರುಗಳ ಭಾರ ಬಿದ್ದದ್ದು ನುಬ್ರಾ, ಲೇಹ್, ಚಾಂಗ್‌ಥಾಂಗಿನ ಮನೆಗಳ ಮೇಲೆ. ಎರಡನೆಯದು 1874ರ ಜುಲೈಯಲ್ಲಿ ಪಂಡಿತ್ ನೈನ್ ಸಿಂಗ್ ಲೇಹ್‌ನಿಂದ ಲಾಸಾಕ್ಕೆ ಹೊರಟ ಪಯಣ. ಕುಮಾವೂಂ ಬೆಟ್ಟದ ಶಾಲಾ ಮಾಸ್ತರನಾಗಿದ್ದು ಸರ್ವೇ ಇಲಾಖೆ ಸೇರಿದ ನೈನ್ ಸಿಂಗ್, ಲಾಮಾ ವೇಷದಲ್ಲಿ, ಬೆರಳೆಣಿಕೆಯ ಜೊತೆಗಾರರೊಡನೆ, 26 ಕುರಿಗಳ ಮೇಲೆ ಹೇರು ಹಾಕಿಕೊಂಡು ಹೋದ. ಒಂದೊಂದು ಕುರಿಗೆ 20–25 ಪೌಂಡ್ ಹೊರೆ, ಅಂದರೆ ಒಂಬತ್ತರಿಂದ ಹನ್ನೊಂದು ಕಿಲೋ. ಕಾಳು ಹಾಕುವ ಮಾತೇ ಇಲ್ಲ. ನಡೆಯುತ್ತ ದಾರಿಬದಿಯಲ್ಲಿ ಕಚ್ಚಿದ ಹುಲ್ಲೇ ಅವುಗಳ ಆಹಾರ. ಸಾವಿರ ಮೈಲಿ ಮೀರಿದ ಆ ದಾರಿಯ ಕೊನೆಯವರೆಗೆ ನಡೆದದ್ದು ನಾಲ್ಕೈದು ಕುರಿಗಳು ಮಾತ್ರ. ಅಷ್ಟರಲ್ಲಿ ನೈನ್ ಸಿಂಗ್ ಹೆಜ್ಜೆ ಎಣಿಸುತ್ತ, ಎತ್ತರ ಅಳೆಯುತ್ತ, ನಕ್ಷೆಯಲ್ಲೇ ಇಲ್ಲದ ಸರೋವರಗಳನ್ನೂ ಪರ್ವತಸಾಲನ್ನೂ ಗುರುತಿಸಿ ನವೆಂಬರಿನಲ್ಲಿ ಲಾಸಾ ತಲುಪಿದ್ದ. ಈ ಉಪಾಯ ಅವನದೇ ಹೊಸ ಶೋಧವೂ ಅಲ್ಲ. ಚಾಂಗ್‌ಥಾಂಗಿನ ಚಾಂಗ್‌ಪಾ ಕುರಿಗಾಹಿಗಳು ತ್ಸೋ ಕಾರ್ ಸರೋವರದ ಉಪ್ಪನ್ನು ಕುರಿಗಳ ಬೆನ್ನಿನ ಪುಟ್ಟ ಚೀಲಗಳಲ್ಲಿ ತುಂಬಿ ಮಾರುತ್ತಿದ್ದದ್ದು ಹೀಗೆಯೇ. ಮರುಭೂಮಿ ಕೊಡುವಷ್ಟೇ ಹುಲ್ಲಿಗೆ ತಕ್ಕ ಪ್ರಾಣಿ, ಪ್ರಾಣಿಗೆ ತಕ್ಕ ಹೊರೆ, ಹೊರೆಗೆ ತಕ್ಕ ಜನ: ಈ ಕ್ರಮದಲ್ಲಿ ಯೋಚಿಸಿದ್ದು ನೈನ್ ಸಿಂಗನ ಪ್ರತಿಭೆ. ಫೋರ್ಸಿತ್ ನಿಯೋಗ ಹೊರೆಯನ್ನು ಮೊದಲು ತೀರ್ಮಾನಿಸಿ, ಹುಲ್ಲನ್ನು ಕೊನೆಗೆ ಹುಡುಕಿತು.

ಮೇವೇ ಮುಖ್ಯ ಎಂಬ ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಎತ್ತರದ್ದು. ಅಲ್ಲಿ ಜನ ಸತ್ತದ್ದು ಉಸಿರಾಟದ ತೊಂದರೆಯಿಂದ, ಅದಕ್ಕೂ ಹುಲ್ಲಿಗೂ ಏನು ಸಂಬಂಧ ಎಂದು ಕೇಳಬಹುದು. ಆಕ್ಷೇಪ ತೂಕದ್ದೇ. ಯಾರ್ಕಂದಿನ ಸುಲ್ತಾನ್ ಸಯೀದ್ ಖಾನ್ 1533ರಲ್ಲಿ ಲಡಾಖಿನಿಂದ ಹಿಂದಿರುಗುವಾಗ ಕಾರಾಕೋರಂ ಸಮೀಪ ಈ ರೋಗದಿಂದಲೇ ಸತ್ತ. ಅವನ ಸೇನಾಪತಿ ಮಿರ್ಜಾ ಹೈದರ್ ತನ್ನ ಗ್ರಂಥದಲ್ಲಿ ರೋಗದ ಲಕ್ಷಣಗಳನ್ನು ವಿವರವಾಗಿ ಬರೆದು, ಅದು ಕುದುರೆಗಳನ್ನೂ ಬಿಡುವುದಿಲ್ಲ ಎಂದಿದ್ದಾನೆ. ಫೋರ್ಸಿತ್ ನಿಯೋಗದ ಭೂವಿಜ್ಞಾನಿ ಫರ್ಡಿನಾಂಡ್ ಸ್ತೋಲಿಚ್ಕಾ 1874ರ ಜೂನ್ 19ರಂದು ಹಿಂದಿರುಗುವ ದಾರಿಯಲ್ಲಿ ಮುರ್ಗೋದಲ್ಲಿ ತೀರಿಕೊಂಡ, ಅವನ ಸಮಾಧಿ ಲೇಹ್‌ನಲ್ಲಿದೆ. ಆಗ ಅವನಿಗೆ ಇನ್ನೂ 36 ವರ್ಷ. ಎತ್ತರ ಕೊಲ್ಲುತ್ತದೆ, ಸಂದೇಹವಿಲ್ಲ. ಆದರೆ ಎತ್ತರಕ್ಕೆ ಮೈ ಒಗ್ಗುವುದು ಸಮಯದಿಂದ; ಆ ಸಮಯವನ್ನು ಹಳೆಯ ಪ್ರಯಾಣಿಕನಿಗೆ ಒದಗಿಸಿದ್ದು ಮೇವೇ. ವ್ಯಾಪಾರಿ ಬಯಲುನಾಡಿನಿಂದ ಲೇಹ್ ತಲುಪುವ ಹೊತ್ತಿಗೆ ಬೆಟ್ಟದಲ್ಲಿ ವಾರಗಳನ್ನು ಕಳೆದಿರುತ್ತಿದ್ದ. ಲೇಹ್‌ನಲ್ಲಿ ಕುದುರೆ ಸುಧಾರಿಸುವವರೆಗೆ ಕಾಯುತ್ತಿದ್ದ. ಪನಾಮಿಕ್‌ನಲ್ಲಿ ಮತ್ತೆ ಕಾಯುತ್ತಿದ್ದ. ಕುದುರೆಗಾಗಿ ಕಾದ ಈ ದಿನಗಳಲ್ಲಿ ಅವನ ರಕ್ತವೂ ಆ ಗಾಳಿಗೆ ಹೊಂದಿಕೊಳ್ಳುತ್ತಿತ್ತು. ಅವನಿಗೆ ಆಮ್ಲಜನಕದ ಶಾಸ್ತ್ರ ತಿಳಿದಿರಬೇಕಾಗಿರಲಿಲ್ಲ. ಹಸಿದ ಪ್ರಾಣಿ ಅವನನ್ನು ತಡೆದು ನಿಲ್ಲಿಸುತ್ತಿತ್ತು, ಆ ತಡೆ ಅವನ ಜೀವ ಕಾಯುತ್ತಿತ್ತು. ಮೇವಿನ ಲೆಕ್ಕದಲ್ಲಿ ನಡೆದ ಸಾರ್ಥಗಳಲ್ಲೂ ಸಾವು ಸಂಭವಿಸಿದ್ದುಂಟು. ಆದರೂ ಆ ದಾರಿ ಶತಮಾನಗಳ ಕಾಲ ವರ್ಷವರ್ಷವೂ ನಡೆದದ್ದು ಈ ನಿಧಾನದ ಬಲದಿಂದಲೇ.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು: ದಾರಿಗಳನ್ನು ತೆರೆದದ್ದೂ ಮುಚ್ಚಿದ್ದೂ ರಾಜಕೀಯ, ಹುಲ್ಲಲ್ಲ. ಮೂರ್‌ಕ್ರಾಫ್ಟನನ್ನು ತಡೆದದ್ದು ಚೀನೀ ಅಧಿಕಾರ. ಯಾರ್ಕಂದ್ ಇರುವ ಷಿನ್‌ಜಿಯಾಂಗಿನ 1930ರ ದಶಕದ ಗಲಭೆಗಳು ವ್ಯಾಪಾರವನ್ನು ಹಿಂಡಿದವು, 1949ರ ನಂತರ ಗಡಿಯೇ ಮುಚ್ಚಿತು. ಇದೆಲ್ಲ ನಿಜ, ಇದನ್ನು ಅಲ್ಲಗಳೆಯುವ ಉದ್ದೇಶವೂ ನನಗಿಲ್ಲ. ಆಳುವವರು ಬಾಗಿಲು ಮುಚ್ಚಬಲ್ಲರು. ಹುಲ್ಲಿಲ್ಲದ ಕಡೆ ಅವರು ಬಾಗಿಲು ತೆರೆಯಬಲ್ಲರೇ ಎಂಬ ಪ್ರಶ್ನೆಗೆ ಚರಿತ್ರೆಯಲ್ಲೇ ಒಂದು ಸ್ಪಷ್ಟ ಪರೀಕ್ಷೆ ನಡೆದಿದೆ. 1870ರಲ್ಲಿ ಬ್ರಿಟಿಷರೂ ಮಹಾರಾಜ ರಣಬೀರ್ ಸಿಂಗನೂ ಒಂದು ವಾಣಿಜ್ಯ ಒಪ್ಪಂದ ಮಾಡಿಕೊಂಡರು. ಲಾಹೌಲದಿಂದ ಚಾಂಗ್ ಚೆನ್ಮೋ ಕಣಿವೆಯ ಮೂಲಕ, ಅಕ್ಸಾಯ್ ಚಿನ್ ಬಯಲು ದಾಟಿ, ಯಾರ್ಕಂದಿನ ಗಡಿಯವರೆಗೆ ಸುಂಕಮುಕ್ತ ರಾಜಮಾರ್ಗ ಎಂದು ಸಾರಿದರು. ಮೇಲ್ವಿಚಾರಣೆಗೆ ಲೇಹ್‌ನಲ್ಲಿ ಇಬ್ಬರು ಜಂಟಿ ಕಮಿಷನರುಗಳು, ದಾರಿಯಲ್ಲಿ ತಂಗುಮನೆ, ದಾಸ್ತಾನು. ನಕ್ಷೆಯ ಮೇಲೆ ಈ ಮಾರ್ಗ ಆಕರ್ಷಕವೇ. ಸಾಸೆರಿನಂಥ ಹಿಮನದಿ ಇಲ್ಲ, ಏರಿಳಿತ ಮೃದು, ಒಂಟೆಯೂ ನಡೆಯಬಹುದು. ಸಾಮ್ರಾಜ್ಯದ ಹಣ, ಒಪ್ಪಂದದ ಬಲ, ಸುಂಕದ ವಿನಾಯಿತಿ ಎಲ್ಲ ಅದರ ಕಡೆ ಇದ್ದವು. ಆದರೂ ವ್ಯಾಪಾರಿಗಳು ಆ ಕಡೆ ತಲೆ ಹಾಕಿದ್ದು ಕಡಿಮೆ. ಐದು ಸಾವಿರ ಮೀಟರಿನ ಆ ಬಯಲಿನಲ್ಲಿ ದಿನಗಟ್ಟಲೆ ಮೇವಿಲ್ಲ, ಉರುವಲಿಲ್ಲ, ಎಷ್ಟೋ ಕಡೆ ಕುಡಿಯುವ ನೀರೂ ಇಲ್ಲ. ನುಬ್ರಾದಂಥ ಹಸಿರು ಕಣಿವೆಯೊಂದು ನಡುವೆ ಸಿಗುವುದಿಲ್ಲ. ಕಿರಾಯಕಶ್‌ಗಳು ಹಿಮನದಿಯ ಅಪಾಯವನ್ನೇ ಆರಿಸಿಕೊಂಡು ಹಳೆಯ ಕಾರಾಕೋರಂ ದಾರಿಗೆ ನಿಷ್ಠರಾಗಿ ಉಳಿದರು. ಅಧಿಕಾರಿಗಳ ರಾಜಮಾರ್ಗ ದಾಖಲೆಗಳಲ್ಲಿ ಉಳಿಯಿತು.

ಇಂಥ ತಿಳಿವಳಿಕೆಯ ಒಡೆಯರ ಹೆಸರುಗಳು ಪುಸ್ತಕಗಳ ಮುಖಪುಟಕ್ಕೆ ಬಂದದ್ದು ಅಪರೂಪ. ಸ್ವೀಡನ್ನಿನ ಸ್ವೆನ್ ಹೆಡಿನ್ 1906ರಲ್ಲಿ ಲೇಹ್‌ನಿಂದ ಟಿಬೆಟಿಗೆ ಹೊರಟಾಗ ಅವನ ಸಾರ್ಥವನ್ನು ಕಟ್ಟಿ ನಡೆಸಿದವನು ಮುಹಮ್ಮದ್ ಈಸಾ. ಮರುವರ್ಷ ಟಿಬೆಟಿನಲ್ಲೇ ಅವನು ಸತ್ತ. ಸಾರ್ಥದ ಪ್ರಾಣಿಗಳಲ್ಲಿ ಹೆಚ್ಚಿನವು ಅವನಿಗಿಂತ ಮೊದಲೇ ಬಯಲಲ್ಲಿ ಬಿದ್ದಿದ್ದವು. ಗುಲಾಂ ರಸೂಲ್ ಗಲ್ವಾನ್ ಎಂಬ ಲೇಹ್‌ನ ಬಡ ಹುಡುಗ ಸಾಹೇಬರ ಆಳಾಗಿ ಹೊರಟು, ಕಡೆಗೆ ಊರಿನ ವ್ಯಾಪಾರಿಗಳ ಮುಖ್ಯಸ್ಥನಾದ ಅಕ್ಸಾಕಲ್ ಪದವಿಗೆ ಏರಿದ. ತನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಬರೆದ ಆತ್ಮಕಥೆ 1923ರಲ್ಲಿ ಪ್ರಕಟವಾಯಿತು. 2020ರ ಗಡಿ ಘರ್ಷಣೆಯಿಂದ ದೇಶದ ಪ್ರತಿ ಮನೆಗೂ ಪರಿಚಯವಾದ ಗಲ್ವಾನ್ ನದಿ ಅವನ ಹೆಸರಿನದು. ಅವನ ಪುಸ್ತಕವನ್ನು ಯಾರಾದರೂ ಕನ್ನಡಕ್ಕೆ ತರಬೇಕು. ಈ ಮರುಭೂಮಿಯನ್ನು ಕುದುರೆಯ ಹಗ್ಗ ಹಿಡಿದವನ ಕಣ್ಣಿನಿಂದ ನೋಡಲು ನಮಗಿರುವ ದಾರಿಗಳು ಬಹಳ ಕಡಿಮೆ.

ಲಾರಿಗೂ ವಿಮಾನಕ್ಕೂ ಹುಲ್ಲು ಬೇಕಿಲ್ಲವಲ್ಲ, ಹಾಗಿದ್ದರೆ ಈ ಲೆಕ್ಕ ಇಂದಿಗೆ ಯಾಕೆ ಎಂಬುದು ಮೂರನೆಯ ಪ್ರಶ್ನೆ. ಬದಲಾವಣೆಯ ದಿನ ನಿಖರವಾಗಿ ಗೊತ್ತಿದೆ, ಅದರಲ್ಲಿ ನಮ್ಮ ನಾಡಿನವರೊಬ್ಬರ ಪಾಲೂ ಇದೆ. 1948ರ ಮೇ 24ರಂದು ಮೆಹರ್ ಸಿಂಗ್ ಹಾರಿಸಿದ ಡಕೋಟಾ ವಿಮಾನ ಲೇಹ್‌ನ ಮರಳು ಪಟ್ಟಿಯ ಮೇಲೆ ಇಳಿಯಿತು. ಜೊತೆಗಿದ್ದವರು ಕೊಡಗಿನ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಅಷ್ಟು ಎತ್ತರದಲ್ಲಿ ಆ ಪಟ್ಟಿಯನ್ನು ಸಿದ್ಧಮಾಡಿದವರು ಲಡಾಖಿ ಎಂಜಿನಿಯರ್ ಸೋನಂ ನೊರ್ಬು ಮತ್ತು ಅವರೊಡನೆ ದುಡಿದ ಊರಿನ ಜನ. ಆಮೇಲೆ 1960ರ ದಶಕದ ಆರಂಭದಲ್ಲಿ ಶ್ರೀನಗರದಿಂದ ರಸ್ತೆ ಬಂತು, 1974ರಲ್ಲಿ ಪ್ರವಾಸಿಗರಿಗೆ ಬಾಗಿಲು ತೆರೆಯಿತು. ಆ ವರ್ಷ ಬಂದವರು 527 ಮಂದಿ. 2018ರಲ್ಲಿ ಬಂದವರು 3 ಲಕ್ಷಕ್ಕೂ ಹೆಚ್ಚು. 2011ರ ಜನಗಣತಿಯಂತೆ ಇಡೀ ಲೇಹ್ ಜಿಲ್ಲೆಯ ಜನಸಂಖ್ಯೆಯೇ 1.33 ಲಕ್ಷ. ಕಾಳು ಬಯಲಿನಿಂದ ಲಾರಿಯಲ್ಲಿ ಬರುತ್ತದೆ, ಡೀಸೆಲ್ಲೂ ಬರುತ್ತದೆ. ನೀರು ಬರುವುದಿಲ್ಲ. ಅದೇ ಹಿಮ, ಅದೇ ಕಾಲುವೆ. ಲಡಾಖಿನ ಹಳೆಯ ಮನೆಗಳ ಒಣ ಶೌಚಾಲಯಕ್ಕೆ ನೀರೇ ಬೇಕಿರಲಿಲ್ಲ. ಮಣ್ಣು ಹಾಕಿದರೆ ಅದು ಗೊಬ್ಬರವಾಗಿ ಹೊಲಕ್ಕೆ ಹೋಗುತ್ತಿತ್ತು, ಹೊಲದಿಂದ ಬಾರ್ಲಿಯೂ ಮೇವೂ ಬರುತ್ತಿದ್ದವು. ಹೋಟೆಲಿನ ಫ್ಲಷ್ ಶೌಚಾಲಯ ಈ ಸರಪಳಿಯನ್ನು ಎರಡು ಕಡೆ ತುಂಡರಿಸುತ್ತದೆ: ಕೊಳವೆಬಾವಿಯ ನೀರನ್ನು ಎಳೆಯುತ್ತದೆ, ಹೊಲದ ಗೊಬ್ಬರವನ್ನು ಕೊಳಚೆ ಮಾಡುತ್ತದೆ. ವಸಂತದಲ್ಲಿ ಬಿತ್ತನೆಗೆ ನೀರು ಸಾಲದೆಂದು ಚೆವಾಂಗ್ ನೊರ್ಫೆಲ್ ಎಂಬ ಎಂಜಿನಿಯರ್ ಚಳಿಗಾಲದ ಹರಿವನ್ನು ತಡೆದು ಕೃತಕ ಹಿಮನದಿಗಳನ್ನು ಕಟ್ಟಬೇಕಾಯಿತು. ಹಾಗಾಗಿ ಹುಲ್ಲಿನ ಜಾಗದಲ್ಲಿ ಈಗ ನೀರು ಬಂದು ನಿಂತಿದೆ. ಹೊರಗಿನಿಂದ ಬಂದವನ ಅಗತ್ಯವನ್ನು ಊರಿನ ಮಿಗತೆ ತಾಳಬಲ್ಲುದೇ ಎಂಬ ಪ್ರಶ್ನೆ, ಫೋರ್ಸಿತ್‌ನ ಕಾಲದಲ್ಲಿ ಹೇಗಿತ್ತೋ ಹಾಗೆಯೇ ಇದೆ.

ಒಣಗಾಳಿ ಈ ನಾಡಿಗೆ ಕೊಟ್ಟ ಒಂದು ವರವನ್ನೂ ಹೇಳಬೇಕು. ಲಡಾಖಿನ ಹಾನ್ಲೆಯ ನಿರ್ಮಲ ಆಕಾಶವನ್ನು ನೋಡಿಯೇ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಅಲ್ಲಿ 4,500 ಮೀಟರ್ ಎತ್ತರದಲ್ಲಿ ವೀಕ್ಷಣಾಲಯ ಸ್ಥಾಪಿಸಿತು. ಅದರ ಎರಡು ಮೀಟರಿನ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ಹೊಸಕೋಟೆಯಿಂದಲೇ ನಡೆಸುತ್ತಾರೆ. ಎತ್ತರಕ್ಕೆ ಎಷ್ಟು ಜನ ಹೋಗಬೇಕೋ ಅಷ್ಟನ್ನೇ ಕಳಿಸಿ, ಉಳಿದ ಕೆಲಸವನ್ನು ಕೆಳಗಿನಿಂದ ಮಾಡುವ ಈ ಏರ್ಪಾಡು ನೈನ್ ಸಿಂಗನ ಕ್ರಮಕ್ಕೆ ಹತ್ತಿರವಾದದ್ದು.

ಬೆಂಗಳೂರಿನಿಂದ, ಹುಬ್ಬಳ್ಳಿಯಿಂದ ಲಡಾಖಿಗೆ ಹೋಗಬೇಕೆಂದು ರಜೆ ಹೊಂದಿಸುತ್ತಿರುವವರಿಗೆ ಕೊನೆಗೊಂದು ಮಾತು. ಬೆಂಗಳೂರಿನ 920 ಮೀಟರಿನಿಂದ ಲೇಹ್‌ನ 3,500 ಮೀಟರಿಗೆ ವಿಮಾನ ನಿಮ್ಮನ್ನು ಕೆಲವೇ ಗಂಟೆಗಳಲ್ಲಿ ಎತ್ತಿ ಇಡುತ್ತದೆ. ನಡುವೆ ತಡೆದು ನಿಲ್ಲಿಸಲು ಹಸಿದ ಕುದುರೆ ಇಲ್ಲ. ಆದ್ದರಿಂದ ಆ ತಡೆಯನ್ನು ನೀವೇ ಹಾಕಿಕೊಳ್ಳಿ: ಲೇಹ್‌ನಲ್ಲಿ ಮೊದಲ ಎರಡು ದಿನ ಪೂರ್ತಿ ವಿಶ್ರಾಂತಿಗೆ ಇಟ್ಟು, ಆಮೇಲೆ ಖರ್ದುಂಗ್ ಲಾ, ಪಾಂಗಾಂಗ್ ಎಂದು ಹೊರಡಿ. ಉಳಿಯುವ ಮನೆ ಆರಿಸುವಾಗ ಅಲ್ಲಿ ಹಳೆಯ ಒಣ ಶೌಚಾಲಯ ಇದೆಯೇ ಎಂದು ಕೇಳಿ, ಇದ್ದರೆ ಅದನ್ನೇ ಬಳಸಿ. ಸ್ನಾನಕ್ಕೆ ಒಂದು ಬಕೆಟ್ ನೀರು ಸಾಕೆಂದು ಮನೆಯವರಿಗೆ ನೀವಾಗಿಯೇ ಹೇಳಿ. ದಿನ ಕಡಿಮೆ ಇದ್ದರೆ ನೋಡುವ ಊರುಗಳನ್ನು ಕಡಿಮೆ ಮಾಡಿ, ತಂಗುವ ದಿನಗಳನ್ನಲ್ಲ.